ಧರ್ಮಗ್ರಂಥಕ್ಕೆ ಯಾವ ಹಲಗೆ?

ನಜರೇತಿನ ಪ್ರಾರ್ಥನಾ ಮಂದಿರದಲ್ಲಿ ಯೇಸುಸ್ವಾಮಿ ಓದಲು ಎದ್ದು ನಿಂತ ಪ್ರಸಂಗ ನಮಗೆಲ್ಲ ತಿಳಿದದ್ದೇ. ಪ್ರವಾದಿ ಯೆಶಾಯನ ಸುರುಳಿಯನ್ನು ಅವರ ಕೈಗೆ ಕೊಡಲಾಯಿತು. ಅವರು ಅದನ್ನು ಬಿಚ್ಚಿ ಓದಿದರು, ಮತ್ತೆ ಸುತ್ತಿ ಅಲ್ಲಿನ ಸೇವಕನ ಕೈಗೆ ಹಿಂತಿರುಗಿಸಿ ಕುಳಿತುಕೊಂಡರು. ಈ ಭಾಗದ ಮೇಲೆ ಪ್ರಬೋಧನೆ ಕೇಳುವಾಗ ನಮ್ಮ ಗಮನವೆಲ್ಲ ಅವರು ಓದಿದ ಮಾತುಗಳ ಮೇಲೆ, ಊರಿನವರು ತೋರಿದ ಕೋಪದ ಮೇಲೆ. ಆ ಸೇವಕನನ್ನು ನೆನೆಯುವವರು ಕಡಿಮೆ. ಸಂತ ಲೂಕರು ಮಾತ್ರ ಅವನನ್ನು ಮರೆತಿಲ್ಲ. ಸುರುಳಿಯನ್ನು ಜೋಪಾನವಾಗಿ ಇಡುವುದು, ಕೇಳಿದಾಗ ತೆಗೆದುಕೊಡುವುದು, ಓದಿಯಾದ ಮೇಲೆ ಇದ್ದಲ್ಲಿಗೆ ಸೇರಿಸುವುದು ಅವನ ಕೆಲಸ. ಇಂದಿನ ಮಾತಿನಲ್ಲಿ ಅವನನ್ನು ಗ್ರಂಥಪಾಲಕ ಎನ್ನಬಹುದು.

ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು. ಅಂದು ಶ್ರೀಗ್ರಂಥವನ್ನು ಮೆರವಣಿಗೆಯಲ್ಲಿ ತಂದು, ಹೂವಿಟ್ಟು, ಧೂಪ ಹಾಕಿ ಗೌರವಿಸುತ್ತೇವೆ. ಹಬ್ಬದ ಮರುದಿನ ಅದೇ ಗ್ರಂಥ ಎಲ್ಲಿರುತ್ತದೆ? ಎಷ್ಟು ಎತ್ತರದಲ್ಲಿರುತ್ತದೆ? ಯಾರ ಕೈಗೆ ಸಿಗುತ್ತದೆ? ಕೇಳಲು ಇದು ಚಿಕ್ಕ ಪ್ರಶ್ನೆ. ಆದರೆ ಎಲ್ಲ ಮತಗಳ ಗ್ರಂಥಗಳನ್ನೂ ಒಂದೇ ಹಜಾರದಲ್ಲಿ ಇಟ್ಟುಕೊಂಡು, ಯಾರು ಬಂದು ಕೇಳಿದರೂ ಕೊಡಬೇಕಾದ ಸಾರ್ವಜನಿಕ ಗ್ರಂಥಾಲಯಗಳಿಗೆ ಇದು ನಿಜವಾಗಿಯೂ ತಲೆನೋವಿನ ಪ್ರಶ್ನೆ. ಅವರು ಅದನ್ನು ಹೇಗೆ ಬಿಡಿಸಿಕೊಂಡಿದ್ದಾರೆಂದು ತಿಳಿದರೆ ನಮ್ಮ ಧರ್ಮಕೇಂದ್ರಗಳ ಪುಟ್ಟ ಗ್ರಂಥಾಲಯಗಳಿಗೂ ನಮ್ಮ ಮನೆಗಳಿಗೂ ಉಪಯೋಗವಾದೀತು.

ಲೆಸ್ಟರ್ ನಗರದಲ್ಲಿ ನಡೆದದ್ದು

ಇಂಗ್ಲೆಂಡಿನ ಲೆಸ್ಟರ್ ನಾನಾ ಮತದವರು ಕೂಡಿ ಬಾಳುವ ಊರು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರಗಟ್ಟಿದ ಭಾರತೀಯ ಮೂಲದವರಲ್ಲಿ ಬಹಳ ಮಂದಿ ಅಲ್ಲಿಗೆ ಬಂದು ನೆಲೆಸಿದರು. ಕ್ರೈಸ್ತರು, ಮುಸ್ಲಿಮರು, ಹಿಂದೂಗಳು, ಸಿಖ್ಖರು ಅಕ್ಕಪಕ್ಕದ ಬೀದಿಗಳಲ್ಲಿದ್ದಾರೆ. ಅಲ್ಲಿನ ಗ್ರಂಥಾಲಯಗಳಲ್ಲಿ ಒಂದು ತೊಡಕು ಕಾಣಿಸಿಕೊಂಡಿತು. ಕುರಾನಿನ ಪ್ರತಿಗಳು ತಮ್ಮ ಜಾಗ ಬಿಟ್ಟು ಕಪಾಟಿನ ಮೇಲಿನ ಹಲಗೆಗೆ ಏರಿರುತ್ತಿದ್ದವು. ಏರಿಸುತ್ತಿದ್ದವರು ಕೆಲವು ಮುಸ್ಲಿಂ ಓದುಗರೇ. ಪವಿತ್ರ ಕುರಾನ್ ಮೊಣಕಾಲಿಗಿಂತ ಕೆಳಗೆ, ಬೇರೆ ಪುಸ್ತಕಗಳ ಅಡಿಯಲ್ಲಿ ಇರುವುದನ್ನು ಅವರ ಮನಸ್ಸು ಒಪ್ಪಲಿಲ್ಲ. ಕದಿಯಲಿಲ್ಲ, ಜಗಳ ಮಾಡಲಿಲ್ಲ, ಎತ್ತಿ ಮೇಲಿಟ್ಟು ಹೋದರು. ಆದರೆ ಗ್ರಂಥಾಲಯದಲ್ಲಿ ಕೆಲಸ ಮಾಡಿದವರಿಗೆ ಗೊತ್ತು: ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕವೇ. ಮುಂದೆ ಕುರಾನ್ ಕೇಳಿಕೊಂಡು ಬರುವವನಿಗೆ ಅದು ಸಿಗುವುದಿಲ್ಲ.

ಗ್ರಂಥಪಾಲಕರು ಊರಿನ ಮುಸ್ಲಿಂ ಸಂಘಟನೆಗಳ ಒಕ್ಕೂಟದ ಸಲಹೆ ಕೇಳಿದರು. ಕುರಾನ್ ಒಂದನ್ನೇ ಮೇಲಿಡಿ ಎಂದು ಒಕ್ಕೂಟದವರು ಹೇಳಲಿಲ್ಲ. ಎಲ್ಲ ಮತಗಳ ಧರ್ಮಗ್ರಂಥಗಳನ್ನೂ ಒಟ್ಟಿಗೆ ಮೇಲಿನ ಹಲಗೆಯಲ್ಲಿಡಿ, ಎಲ್ಲಕ್ಕೂ ಗೌರವ ಸಿಗಲಿ, ಯಾವುದೂ ಇನ್ನೊಂದಕ್ಕಿಂತ ಎತ್ತರದಲ್ಲಿರದಿರಲಿ ಎಂದರು. ಗ್ರಂಥಾಲಯ ಹಾಗೆಯೇ ಮಾಡಿತು. ಬ್ರಿಟನ್ನಿನಲ್ಲಿ ಆಗ ವಸ್ತುಸಂಗ್ರಹಾಲಯ, ಗ್ರಂಥಾಲಯ, ಪತ್ರಾಗಾರಗಳನ್ನು ನೋಡಿಕೊಳ್ಳಲು ಒಂದು ಮಂಡಳಿ ಇತ್ತು (2012ರಲ್ಲಿ ಅದನ್ನು ಮುಚ್ಚಲಾಯಿತು). ವಿವಾದಕ್ಕೆ ಗುರಿಯಾಗುವ ಪುಸ್ತಕಗಳನ್ನು ಹೇಗೆ ನಿಭಾಯಿಸಬೇಕೆಂದು 2009ರಲ್ಲಿ ಅದು ಹೊರತಂದ ಕೈಪಿಡಿಯಲ್ಲಿ ಲೆಸ್ಟರಿನ ಈ ಕ್ರಮವನ್ನು ಉದಾಹರಣೆಯಾಗಿ ಕೊಟ್ಟಿತು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ದೊಡ್ಡ ಗದ್ದಲವೇ ಎದ್ದಿತು.

ಬೈಬಲ್ ಮೇಲೇರಿತೆಂದು ಕ್ರೈಸ್ತರು ಸಂತೋಷಪಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಸಂತೋಷಪಡದವರು ಹೇಳಿದ್ದರಲ್ಲಿಯೂ ಹುರುಳಿತ್ತು. ಗ್ರಂಥಾಲಯವು ಆರಾಧನಾಲಯವಲ್ಲ, ಒಂದು ಮತದವರ ಆಚರಣೆಯನ್ನು ಎಲ್ಲರ ಕಪಾಟಿಗೂ ಅನ್ವಯಿಸಬಾರದು ಎಂದು ಕೆಲವರು ವಾದಿಸಿದರು. ಇನ್ನು ಕೆಲವರ ಆಕ್ಷೇಪಣೆ ಇನ್ನೂ ಸರಳ: ಮೇಲಿಟ್ಟರೆ ಕೈಗೆಟುಕುವುದಿಲ್ಲ. ಕುಳ್ಳಗಿರುವವರು, ಮಕ್ಕಳು, ಮುದುಕರು, ಗಾಲಿಕುರ್ಚಿಯಲ್ಲಿ ಬರುವವರು ಏನು ಮಾಡಬೇಕು? ಜಕ್ಕಾಯನಿಗಾದರೂ ಹತ್ತಲು ಮರವಿತ್ತು. ಗ್ರಂಥಾಲಯದಲ್ಲಿ ಇರುವುದು ಒಂದು ಸ್ಟೂಲು, ಅದೂ ಹುಡುಕಿದರೆ ಸಿಗುವುದಿಲ್ಲ.

ಒಬ್ಬೊಬ್ಬರ ಗೌರವ ಒಂದೊಂದು ಬಗೆ

ಆ ಮುಸ್ಲಿಂ ಓದುಗರ ಮನಸ್ಸು ನಮಗೆ ಅರ್ಥವಾಗದ್ದೇನಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ನಾಡಿನಲ್ಲಿ ಯಾವ ಮತದ ಮನೆಯ ಮಗುವಿಗೂ ಗೊತ್ತು. ಅದು ಶ್ರೀಗ್ರಂಥವೇ ಆಗಬೇಕೆಂದಿಲ್ಲ, ಲೆಕ್ಕದ ಪುಸ್ತಕವಾದರೂ ಸರಿ. ಮುಸ್ಲಿಮರು ಅರಬ್ಬಿ ಮೂಲದ ಕುರಾನನ್ನು ಮುಟ್ಟುವ ಮುನ್ನ ವುಜೂ ಮಾಡಿಕೊಳ್ಳುತ್ತಾರೆ. ನೆಲದ ಮೇಲೆ ಇಡುವುದಿಲ್ಲ, ಅದರ ಮೇಲೆ ಬೇರೆ ಯಾವ ಪುಸ್ತಕವನ್ನೂ ಹೇರುವುದಿಲ್ಲ, ರೆಹಲ್ ಎಂಬ ಮರದ ಪೀಠದ ಮೇಲಿಟ್ಟು ಓದುತ್ತಾರೆ. ಯೆಹೂದ್ಯರಲ್ಲಿ ಗ್ರಂಥಗಳ ನಡುವೆಯೇ ಒಂದು ಕ್ರಮವಿದೆ. ಮೋಶೆಯ ಐದು ಗ್ರಂಥಗಳನ್ನು ಪ್ರವಾದಿಗಳ ಗ್ರಂಥದ ಮೇಲೆ ಇಡಬಹುದು, ಪ್ರವಾದಿಗಳನ್ನು ಮೋಶೆಯ ಮೇಲೆ ಇಡುವಂತಿಲ್ಲ. ಕೆಳಗೆ ಬಿದ್ದ ಗ್ರಂಥವನ್ನು ಎತ್ತಿ ಮುತ್ತಿಡುತ್ತಾರೆ. ತೋರಾ ಸುರುಳಿಯ ಅಕ್ಷರಗಳಿಗೆ ಬೆರಳು ತಾಗಿಸದೆ, ತುದಿಯಲ್ಲಿ ಪುಟ್ಟ ಕೈಯ ಆಕಾರವಿರುವ ಕಡ್ಡಿಯಿಂದ ಸಾಲು ತೋರಿಸುತ್ತಾ ಓದುತ್ತಾರೆ.

ಸಿಖ್ಖರ ವಿಷಯ ಇವೆಲ್ಲಕ್ಕಿಂತ ಬೇರೆ. ಬೀದರಿನ ಗುರುನಾನಕ್ ಝೀರಾಕ್ಕೆ ಹೋದವರು ಕಂಡಿರಬಹುದು. 1430 ಪುಟಗಳ ಶ್ರೀ ಗುರು ಗ್ರಂಥ ಸಾಹಿಬ್ ಅವರಿಗೆ ಪುಸ್ತಕವಲ್ಲ, ಜೀವಂತ ಗುರು. ಮೇಲ್ಕಟ್ಟಿನ ಕೆಳಗೆ, ದಿಂಬುಗಳ ಮೇಲೆ, ರುಮಾಲಿನ ಹೊದಿಕೆಯಲ್ಲಿ ಇರಿಸುತ್ತಾರೆ, ರಾತ್ರಿ ವಿಶ್ರಾಂತಿಗೆ ಒಯ್ಯುತ್ತಾರೆ. ಹೀಗಿರುವಾಗ ಅದನ್ನು ಕಪಾಟಿನಲ್ಲಿ ಬೆನ್ನಿಗೆ ಚೀಟಿ ಅಂಟಿಸಿ ನಿಲ್ಲಿಸುವುದು ಹೇಗೆ? ಗ್ರಂಥಾಲಯಗಳು ಸಾಮಾನ್ಯವಾಗಿ ಇಲ್ಲಿ ಜಾಣತನದ ದಾರಿ ಹಿಡಿಯುತ್ತವೆ. ಒಂದೇ ಸಂಪುಟದ ಪೂರ್ಣ ಗ್ರಂಥವನ್ನು ತರಿಸದೆ, ಹಲವು ಸಂಪುಟಗಳಾಗಿ ಒಡೆದ ಪಾಠವನ್ನೋ ಅನುವಾದ, ವ್ಯಾಖ್ಯಾನಗಳನ್ನೋ ಇಡುತ್ತವೆ. ಓದುವವನಿಗೆ ಓದು ಸಿಗುತ್ತದೆ, ಗುರುವಿಗೆ ಅವಮಾನವಾಗುವುದಿಲ್ಲ.

ನಮ್ಮದೂ ಕಡಿಮೆಯೇನಲ್ಲ. ಬಲಿಪೂಜೆಯಲ್ಲಿ ಶುಭಸಂದೇಶ ಗ್ರಂಥವನ್ನು ಎತ್ತಿ ಹಿಡಿದು ತರುತ್ತೇವೆ, ಗುರುಗಳು ಅದಕ್ಕೆ ಮುತ್ತಿಡುತ್ತಾರೆ, ನಾವು ಎದ್ದು ನಿಲ್ಲುತ್ತೇವೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಅಧಿವೇಶನಗಳಲ್ಲಿ ಸಂತ ಪೇತ್ರರ ಮಹಾದೇವಾಲಯದ ನಡುವೆ ಶುಭಸಂದೇಶ ಗ್ರಂಥವನ್ನು ಪೀಠದ ಮೇಲೆ ಪ್ರತಿಷ್ಠಾಪಿಸಲಾಗುತ್ತಿತ್ತು. ಅದೇ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದೈವಪ್ರಕಟಣೆಯ ಶಾಸನದಲ್ಲಿ ಎರಡು ಮಾತುಗಳು ಒಂದರ ಹಿಂದೆ ಒಂದು ಬರುತ್ತವೆ. 21ನೆಯ ಪರಿಚ್ಛೇದವು ಧರ್ಮಸಭೆಯು ಪ್ರಭುವಿನ ಶರೀರವನ್ನು ಪೂಜಿಸಿದಂತೆಯೇ ಶ್ರೀಗ್ರಂಥವನ್ನೂ ಗೌರವಿಸುತ್ತಾ ಬಂದಿದೆ ಎನ್ನುತ್ತದೆ. 22ನೆಯದು, ಅದು ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ಕೈಗೆ ಸಿಗುವಂತಿರಬೇಕು ಎನ್ನುತ್ತದೆ. ಲೆಸ್ಟರಿನಲ್ಲಿ ಪರಸ್ಪರ ಎದುರು ನಿಂತದ್ದು ಇವೇ ಎರಡು ಮಾತುಗಳು. ಗೌರವಿಸಲು ಮೇಲೆ ಇಡಬೇಕು, ಓದಲು ಕೆಳಗೆ ಇಳಿಸಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಈ ಜಗಳ ಯಾರಿಗೂ ಕೇಳಿಸದಂತೆ ಮುಗಿದೇ ಹೋಗಿದೆ. ಮದುವೆಯಲ್ಲಿ ಬಂದ ಶ್ರೀಗ್ರಂಥ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಷೋಕೇಸಿನ ಮೇಲಿನ ಗಾಜಿನೊಳಗೆ ನಿಂತಿರುತ್ತದೆ.

ಮೂಡುಬಿದಿರೆಯ ಓಲೆಗರಿಗಳು

ಬರೀ ಗೌರವವೇ ಆದರೆ ಏನಾಗುತ್ತದೆ, ಗೌರವವೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಎರಡಕ್ಕೂ ನಮ್ಮ ಕರಾವಳಿಯಲ್ಲಿಯೇ ಒಂದು ಸಾಕ್ಷಿ ಇದೆ. ದಿಗಂಬರ ಜೈನರ ಅತಿ ಪ್ರಾಚೀನ ಆಗಮವಾದ ಷಟ್ಖಂಡಾಗಮಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಎಂಬ ಟೀಕೆ, ಅದರೊಡನೆ ಜಯಧವಲಾ, ಮಹಾಧವಲಾ ಇವು ಬೇರೆಲ್ಲಿಯೂ ಉಳಿಯದೆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಮಾತ್ರ ಉಳಿದವು. ಶತಮಾನಗಳ ಕಾಲ ಅವನ್ನು ಬೀಗ ಹಾಕಿ ಕಾಪಾಡಲಾಯಿತು. ದೂರದ ಊರುಗಳಿಂದ ಯಾತ್ರಿಕರು ಬಂದು ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದುವ ಮಾತಿರಲಿಲ್ಲ. ಹೊರಗಿನ ಜೈನ ವಿದ್ವಾಂಸರಿಗೆ ತಮ್ಮದೇ ಧರ್ಮದ ಮೂಲಗ್ರಂಥದಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡಿಕೊಳ್ಳುವ ಪ್ರಯತ್ನ ಶುರುವಾಯಿತು. ಡಾ. ಹೀರಾಲಾಲ್ ಜೈನ್ ಸಂಪಾದಿಸಿದ ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಮುಂದಿನ ಸುಮಾರು ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳು ಬಂದವು.

ಬೀಗ ಹಾಕಿದವರನ್ನು ಹಳಿಯುವುದು ಸುಲಭ. ನಾವು ಹಳಿಯಲಾರೆವು. ಗೆದ್ದಲು, ಕರಾವಳಿಯ ತೇವ, ಮಳೆಗಾಲ ಇವುಗಳ ನಡುವೆ ಓಲೆಗರಿ ಅಷ್ಟು ಕಾಲ ಉಳಿಯಬೇಕಾದರೆ ಅದನ್ನು ದೇವರೆಂದು ನಂಬಿದವರ ಕೈಯಲ್ಲಿಯೇ ಇರಬೇಕಿತ್ತು. ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತಾರೆ. ಷಟ್ಖಂಡಾಗಮವನ್ನು ಬರೆದು ಮುಗಿಸಿದ ದಿನದ ನೆನಪು ಅದು. ಅಂದು ಗ್ರಂಥಗಳನ್ನು ಹೊರತೆಗೆದು ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುತ್ತಾರೆ. ಯಾವ ಗ್ರಂಥಪಾಲಕನೂ ಮೆಚ್ಚುವ ಹಬ್ಬ. ವರ್ಷಕ್ಕೊಮ್ಮೆ ಪ್ರತಿಯೊಂದು ಪುಸ್ತಕವನ್ನೂ ಕೈಯಲ್ಲಿ ಹಿಡಿದು ನೋಡುವುದಕ್ಕಿಂತ ಒಳ್ಳೆಯ ಸಂರಕ್ಷಣೆ ಇನ್ನೊಂದಿಲ್ಲ.

ಸಂಖ್ಯೆ ವಿಳಾಸವೇ ಹೊರತು ಅಂತಸ್ತಲ್ಲ

ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕದ ಜಾಗವನ್ನು ಗೊತ್ತುಮಾಡುವುದು ಪುಸ್ತಕದ ಬೆನ್ನಿಗೆ ಅಂಟಿಸಿದ ಸಂಖ್ಯೆ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಹೊರತಂದ ದಶಮಾಂಶ ವರ್ಗೀಕರಣವೇ ಇಂದಿಗೂ ಬಹುಪಾಲು ಕಡೆ ನಡೆಯುತ್ತಿದೆ. ಅದರಲ್ಲಿ 200ರಿಂದ 299 ಧರ್ಮಕ್ಕೆ. ಬೈಬಲ್ 220, ಕುರಾನ್ 297.122, ವೇದಗಳು 294.5921, ಭಗವದ್ಗೀತೆ 294.5924. ಓದುಗರು ಇಲ್ಲಿಯೇ ಒಂದು ಅಂಶ ಗಮನಿಸಿರಬಹುದು. 220ರಿಂದ 289ರವರೆಗೆ ಎಲ್ಲವೂ ಬೈಬಲ್ ಮತ್ತು ಕ್ರೈಸ್ತಧರ್ಮ. ಜಗತ್ತಿನ ಉಳಿದೆಲ್ಲ ಧರ್ಮಗಳೂ 290ರ ಹತ್ತು ಅಂಕಿಗಳಲ್ಲಿ ಇಕ್ಕಟ್ಟಾಗಿ ಕುಳಿತಿವೆ. ಡ್ಯೂಯಿ ಕೆಟ್ಟ ಉದ್ದೇಶದಿಂದ ಹೀಗೆ ಮಾಡಿದರೆಂದು ಹೇಳಲಾಗದು. ಅವರ ಕಾಲೇಜಿನ ಗ್ರಂಥಾಲಯದಲ್ಲಿದ್ದ ಪುಸ್ತಕಗಳು ಅಂಥವು. ಆದರೂ ಹಲಗೆಯ ಎತ್ತರದ ಬಗ್ಗೆ ಇಷ್ಟು ಮಾತನಾಡುವ ನಾವು, ಅಂಕಿಗಳಲ್ಲಿ ನಮಗೆ ಸಿಕ್ಕ ಈ ವಿಶಾಲವಾದ ಮನೆಯನ್ನು ಮರೆತು ಮಾತನಾಡಬಾರದು.

ನಮ್ಮ ದೇಶದ ಎಸ್. ಆರ್. ರಂಗನಾಥನ್‌ರವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಕ್ರಮ ಬೇರೆ. ವೇದಧರ್ಮ ಮೊದಲು, ಆಮೇಲೆ ಜೈನ, ಬೌದ್ಧ, ಯೆಹೂದ್ಯ, ಕ್ರೈಸ್ತ, ಇಸ್ಲಾಂ. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ, 1962ರಲ್ಲಿ ಅಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಈ ಹಿರಿಯರು, 1931ರಲ್ಲಿಯೇ ಗ್ರಂಥಾಲಯದ ಪಂಚಸೂತ್ರಗಳನ್ನು ಕೊಟ್ಟಿದ್ದರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಮೊದಲ ಸೂತ್ರದ ಸಾರ. ಅದನ್ನು ವಿವರಿಸುವಾಗ ಅವರು ಯೂರೋಪಿನಲ್ಲಿ ಪುಸ್ತಕಗಳಿಗೆ ಸರಪಳಿ ಹಾಕಿ ಇಡುತ್ತಿದ್ದ ಕಾಲವನ್ನು ನೆನಪಿಸುತ್ತಾರೆ. ಇಂಗ್ಲೆಂಡಿನ ಹೆರೆಫರ್ಡ್ ಮಹಾದೇವಾಲಯದಲ್ಲಿ ಅಂಥ ಗ್ರಂಥಾಲಯ ಇಂದಿಗೂ ಇದೆ. ಸರಪಳಿ ಸಿಕ್ಕಿಕೊಳ್ಳದಿರಲೆಂದು ಪುಸ್ತಕದ ಬೆನ್ನನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದಾರೆ. ಸರಪಳಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಅಂದಿನ ಒಂದು ಹಸ್ತಪ್ರತಿ ಬಹಳ ಬೆಲೆಯದು, ಬಿಟ್ಟರೆ ಕಳವಾಗುತ್ತಿತ್ತು. ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಓದುವವರ ಮುಂದೆ ಇಡಲು ಸರಪಳಿಯೊಂದೇ ದಾರಿ.

ರಂಗನಾಥನ್‌ರ ಸೂತ್ರವನ್ನು ಹಿಡಿದರೆ ಲೆಸ್ಟರಿನ ತೀರ್ಮಾನದಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದು ನಮಗೆ ತೋರುತ್ತದೆ. ಎಲ್ಲ ಧರ್ಮಗ್ರಂಥಗಳೂ ಒಂದೇ ಮಟ್ಟದಲ್ಲಿರಲಿ ಎಂದದ್ದು ಸರಿ. ಆ ಮಟ್ಟ ಅತಿ ಮೇಲಿನ ಹಲಗೆಯೇ ಆಗಬೇಕಿರಲಿಲ್ಲ. ಎದೆಮಟ್ಟದ ಹಲಗೆ ಕಾಲಿನಿಂದಲೂ ದೂರ, ಕೈಗೂ ಹತ್ತಿರ. ಇನ್ನೊಂದು ತೊಂದರೆಯೂ ಇದೆ. ಧರ್ಮಗ್ರಂಥಗಳನ್ನು ಅವುಗಳ ಸಂಖ್ಯೆಯ ಜಾಗದಿಂದ ಎತ್ತಿ ಒಂದೆಡೆ ಸೇರಿಸಿದರೆ ವ್ಯಾಖ್ಯಾನಗಳು, ನಿಘಂಟುಗಳು ಹಳೆಯ ಜಾಗದಲ್ಲಿಯೇ ಉಳಿಯುತ್ತವೆ. ಸಂತ ಮಾರ್ಕರ ಶುಭಸಂದೇಶ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ. ಇದಕ್ಕೆ ಗ್ರಂಥಪಾಲಕರಲ್ಲಿ ಹಳೆಯ ಉಪಾಯವಿದೆ: ಪುಸ್ತಕ ತೆಗೆದ ಜಾಗದಲ್ಲಿ ಅದರ ಅಳತೆಯ ಒಂದು ಮರದ ತುಂಡು ಅಥವಾ ರಟ್ಟನ್ನು ನಿಲ್ಲಿಸಿ, ಪುಸ್ತಕ ಎಲ್ಲಿದೆಯೆಂದು ಬರೆದಿಡುವುದು.

ಧರ್ಮಕೇಂದ್ರದ ಬೀರುವಿನಲ್ಲಿ

ನಮ್ಮ ಧರ್ಮಕೇಂದ್ರಗಳ ಗ್ರಂಥಾಲಯವೆಂದರೆ ಹೆಚ್ಚಿನ ಕಡೆ ಒಂದು ಗಾಜಿನ ಬೀರು, ಅದರ ಕೀಲಿಕೈ ಉಪದೇಶಿಯವರ ಹತ್ತಿರ. ಅಂಥಲ್ಲಿಯೂ ಮಾಡಬಹುದಾದದ್ದು ಬಹಳವಿದೆ, ಖರ್ಚೂ ಇಲ್ಲ. ಕೆಳಗಿನ ಹಲಗೆಯನ್ನು ಖಾಲಿ ಬಿಡಿ ಅಥವಾ ಹಳೆಯ ಪತ್ರಿಕೆಗಳಿಗೆ ಕೊಡಿ. ನೆಲ ಒರೆಸುವ ನೀರು, ಗೆದ್ದಲು, ಕಾಲಿನ ಧೂಳು ಮೊದಲು ಮುಟ್ಟುವುದು ಅದನ್ನೇ. ಆದ್ದರಿಂದ ಗೌರವದ ಮಾತು ಬಿಟ್ಟರೂ ಧರ್ಮಗ್ರಂಥಕ್ಕೆ ಅದು ತಕ್ಕ ಜಾಗವಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಅಡ್ಡ ಹೇರದೆ ನೆಟ್ಟಗೆ ನಿಲ್ಲಿಸಿ. ಮುದ್ರೆಯನ್ನು ಶ್ರೀಗ್ರಂಥದ ಪಾಠದ ಮೇಲೆ ಒತ್ತದೆ ಮೊದಲ ಖಾಲಿ ಹಾಳೆಯಲ್ಲಿ ಒತ್ತಿ. ಗೀತೆ, ಕುರಾನ್, ವಚನಗಳ ಸಂಪುಟ ಇದ್ದರೆ ಅವೂ ಅದೇ ಹಲಗೆಯಲ್ಲಿರಲಿ, ಮೂಲೆಯಲ್ಲಿ ಇತರೆ ಎಂಬ ಚೀಟಿಯ ಹಿಂದೆ ಬೇಡ. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಅದೇ ಮಹಾಸಭೆ 1965ರಲ್ಲಿ ಹೇಳಿದ್ದು ಬೀರುವಿಗೂ ಅನ್ವಯಿಸುತ್ತದೆ.

ಹಳೆಯ ಹಸ್ತಪ್ರತಿ, ಓಲೆಗರಿ ಇರುವವರಿಗೆ ಒಂದು ಮಾತು. ದೂರದರ್ಶನದಲ್ಲಿ ತೋರಿಸುವಂತೆ ಬಿಳಿ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದೆಂದು ಹಲವರ ಎಣಿಕೆ. ಕೈಗವಸಿನಲ್ಲಿ ಬೆರಳಿಗೆ ಹಾಳೆಯ ಸ್ಪರ್ಶ ತಿಳಿಯದೆ ಹರಿಯುವುದೇ ಹೆಚ್ಚು. ಆದ್ದರಿಂದ ಸಾಮಾನ್ಯವಾಗಿ ತೊಳೆದು ಚೆನ್ನಾಗಿ ಒಣಗಿಸಿದ ಬರಿಗೈಯೇ ಸಾಕೆಂದು ಬ್ರಿಟಿಷ್ ಲೈಬ್ರರಿ ಸಲಹೆ ಕೊಡುತ್ತದೆ. ಮುಟ್ಟುವ ಮುನ್ನ ಕೈತೊಳೆಯಬೇಕೆಂದು ಹಳೆಯ ಧರ್ಮಗಳು ಹೇಳಿದ್ದನ್ನೇ ವಿಜ್ಞಾನವೂ ಹೇಳಿದಂತಾಯಿತು.

ಇನ್ನು ಹರಿದುಹೋದ ಪ್ರತಿಗಳು. ಗ್ರಂಥಾಲಯಗಳು ಹಳೆಯ ಪುಸ್ತಕಗಳನ್ನು ಆಗಾಗ ತೆಗೆದುಹಾಕಲೇಬೇಕು. ನಮ್ಮಲ್ಲಿ ಅವು ಹೋಗುವುದು ರದ್ದಿ ಅಂಗಡಿಗೆ, ಅಲ್ಲಿಂದ ಕಡಲೆಕಾಯಿ ಪೊಟ್ಟಣಕ್ಕೆ. ಮಿಕ್ಕ ಪುಸ್ತಕಗಳಿಗೆ ಅದೇನೂ ಅವಮಾನವಲ್ಲ, ಧರ್ಮಗ್ರಂಥಕ್ಕೆ ಹಾಗಾಗಬಾರದು. ಎಚ್ಚರವಿರುವ ಗ್ರಂಥಪಾಲಕರು ಆಯಾ ಸಮುದಾಯದವರನ್ನು ಕರೆದು ಹಳೆಯ ಪ್ರತಿಗಳನ್ನು ಅವರಿಗೇ ಒಪ್ಪಿಸುತ್ತಾರೆ. ಸಿಖ್ಖರು ಜೀರ್ಣವಾದ ಗ್ರಂಥವನ್ನು ವಿಧಿಪೂರ್ವಕ ಅಗ್ನಿಗೆ ಅರ್ಪಿಸುತ್ತಾರೆ. ಮುಸ್ಲಿಮರು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಕಾಲು ತುಳಿಯದ ಕಡೆ ಹೂಳುವುದುಂಟು. ಯೆಹೂದ್ಯರು ದೇವರ ನಾಮ ಬರೆದ ಹಾಳೆಯನ್ನು ಎಸೆಯದೆ ಗೆನೀಜಾ ಎಂಬ ಕೋಣೆಯಲ್ಲಿ ಕೂಡಿಟ್ಟು ಮುಂದೆ ಹೂಳುತ್ತಾರೆ. ಈಜಿಪ್ಟಿನ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಹೂಳುವುದು ಹಾಗೆಯೇ ಉಳಿದು, ಹಾಳೆಗಳು ಶತಮಾನಗಳ ಕಾಲ ಕೋಣೆಯಲ್ಲಿ ತುಂಬುತ್ತಾ ಹೋದವು. 1896–97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಸಾಗಿಸಿದ್ದು ಸುಮಾರು 1,93,000 ತುಣುಕುಗಳು. ಅವುಗಳಲ್ಲಿ ಧರ್ಮಗ್ರಂಥದ ಹಾಳೆಗಳಷ್ಟೇ ಅಲ್ಲ, ಹೀಬ್ರೂ ಅಕ್ಷರದಲ್ಲಿ ಬರೆದ ವ್ಯಾಪಾರದ ಕಾಗದಗಳೂ ಇದ್ದವು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯನ ಪತ್ರವ್ಯವಹಾರ ಜಗತ್ತಿಗೆ ತಿಳಿದದ್ದು ಈ ಗೆನೀಜಾದಿಂದಲೇ. ದೇವರ ಹೆಸರಿರುವ ಹಾಳೆಗೆ ತೋರಿದ ಮರ್ಯಾದೆಯ ನೆರಳಿನಲ್ಲಿ ಮಂಗಳೂರಿನ ಲೆಕ್ಕಪತ್ರವೂ ಉಳಿದುಕೊಂಡಿತು.

ನಮ್ಮ ಚರ್ಚುಗಳ ಮಟ್ಟಿಗೆ ಸ್ಯಾಕ್ರಿಸ್ಟಿಯಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಸಾಕು. ಜನರು ತಮ್ಮ ಮನೆಯ ಹಳೆಯ ಶ್ರೀಗ್ರಂಥ, ಪ್ರಾರ್ಥನಾ ಪುಸ್ತಕಗಳನ್ನು ತಂದು ಅದರಲ್ಲಿ ಹಾಕಲಿ. ವರ್ಷಕ್ಕೊಮ್ಮೆ ದೇವರ ವಾಕ್ಯದ ಭಾನುವಾರದ ಹಿಂದಿನ ವಾರ ಅವನ್ನು ತೆರೆದು ನೋಡಬೇಕು. ಹಾಳೆಗಳು ಪೂರ್ತಿಯಿದ್ದು ರಟ್ಟು ಮಾತ್ರ ಹೋದದ್ದಕ್ಕೆ ಹೊಸ ರಟ್ಟು ಕಟ್ಟಿಸಿ ಆಸ್ಪತ್ರೆಗೋ ಸೆರೆಮನೆಗೋ ಹಾಸ್ಟೆಲಿಗೋ ಕೊಡಬಹುದು. ಓದಲಾಗದಷ್ಟು ಹರಿದದ್ದನ್ನು ಮಾತ್ರ ಸುಟ್ಟು, ಬೂದಿಯನ್ನು ಚರ್ಚಿನ ಅಂಗಳದಲ್ಲಿ ಜನ ಓಡಾಡದ ಕಡೆ ಹೂಳಬೇಕು.